ಲೂಣಾಸರದ ಬಾವಿಕಟ್ಟೆಯ ಕೂಗು

ಬಿಕಾನೇರಿನಲ್ಲಿ ನೆಂಟರ ಮದುವೆ ಮುಗಿದದ್ದು ಶನಿವಾರ. ಸೂರತ್ತಿಗೆ ವಾಪಸು ಹೊರಡಬೇಕಾದದ್ದು ಸೋಮವಾರ. ನಡುವೆ ಉಳಿದ ಭಾನುವಾರವನ್ನು ಧಾಪೂ ಬಾಯಿಬಿಟ್ಟು ಕೇಳಿದಳು. ಬಾಯಿಬಿಟ್ಟು ಅಂದರೆ, ಮುಸುಕಿನೊಳಗಿಂದ ಮಗನ ಕಿವಿಗೆ ಮುಟ್ಟುವಷ್ಟು ಮಾತ್ರ.

"ಲೂಣಾಸರಕ್ಕೆ ಒಂದ್ಸಲ ಕರ್ಕೊಂಡು ಹೋಗಪ್ಪಾ. ಬೆಳಿಗ್ಗೆ ಹೋಗಿ ಸಂಜೆ ಬಂದ್ಬಿಡೋಣ."

ಮಗ ಭಂವರ್ ಮೇಜು ಕುರ್ಚಿ ಮಾಡಿ ಮಾರುವವನು. ತಾಯಿ ಹಿಂದೆಂದೂ ಏನನ್ನೂ ಕೇಳಿದವಳಲ್ಲವಾದ್ದರಿಂದ ತಕ್ಷಣ ಹೂಂ ಅಂದ. ಕೊಂಕು ತೆಗೆದವನು ಗಂಡ ಕಿಶನಾರಾಮ್.

"ಅಲ್ಲಿ ಯಾರಿದಾರೆ ಅಂತ ಹೋಗ್ತೀಯಾ? ಮರಳು ನೋಡೋದಾದ್ರೆ ನಮ್ಮ ಮನೆ ಎದುರು ಕಟ್ಟಡ ಕಟ್ತಿದಾರಲ್ಲ, ಅಲ್ಲೇ ಬೇಕಾದಷ್ಟು ಬಿದ್ದಿದೆ."

ಮಾತು ಒರಟಾದರೂ ಸುಳ್ಳಲ್ಲ. ಆ ಸೀಮೆಯಲ್ಲಿ ತವರು ಅಂದರೆ ಅಣ್ಣತಮ್ಮಂದಿರು. ಧಾಪೂಗೆ ಅವರಿಲ್ಲ. ಹರಿರಾಮನಿಗೆ ಮೂರು ಹೆಣ್ಣಾದ ಮೇಲೆ ಹುಟ್ಟಿದ ನಾಲ್ಕನೆಯದು ಅವಳು. ಇನ್ನು ಹೆಣ್ಣು ಸಾಕು ಅನ್ನುವುದಕ್ಕೆ ಸಾಕವ್ವ ಅಂತ ಹೆಸರಿಡುತ್ತಾರಲ್ಲ, ಹಾಗೆ ಇಟ್ಟ ಹೆಸರು ಧಾಪೂ. ಭಂವರ್‌ನ ಮದುವೆಯಲ್ಲಿ ಸೋದರಮಾವಂದಿರು ಉಡುಗೊರೆ ಹೊತ್ತು ಬರಬೇಕಾದ ಹೊತ್ತಿಗೆ ಅವಳು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದೇ ನಿಂತಿದ್ದಳು. ಕೊನೆಗೆ ನಾದಿನಿ ತಟ್ಟೆ ಇಸಿದುಕೊಂಡು ಒಳಗೆ ಕರೆದೊಯ್ದಳು. ಆ ನೋವು ಇವತ್ತಿಗೂ ಆರಿಲ್ಲ.

"ಯಾರೂ ಇಲ್ಲದಿದ್ರೇನು, ಊರಿದೆ," ಅಂದಳು ಧಾಪೂ. "ನಾನು ಕಾರಿಂದ ಇಳಿಯೋದೇ ತಡ, ಊರೆಲ್ಲ ಗುರುತು ಹಿಡಿಯುತ್ತೆ. ನೋಡ್ತಿರಿ."

"ನೋಡೋಣ ನೋಡೋಣ," ಅಂದ ಕಿಶನಾರಾಮ್.

ಹೊರಟಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಕಾರು ಡಾಂಬರು ರಸ್ತೆ ಬಿಟ್ಟು ಮರಳ ದಿಬ್ಬಗಳ ನಡುವೆ ಹೊರಳಿದ್ದೇ, ಧಾಪೂ ಗಾಜು ಇಳಿಸಿ ಮುಸುಕು ಹಿಂದಕ್ಕೆ ಸರಿಸಿ ಕೂತಳು. ಬಾಯಿಗೆ ಮರಳು ಬಿದ್ದರೂ ಮಾತು ನಿಲ್ಲಲಿಲ್ಲ.

"ಹೇತಲ್, ಆ ಬನ್ನಿ ಮರ ನೋಡು. ಅದರ ಕಾಯಿ ಕಿತ್ತು ಒಣಗಿಸಿ ವರ್ಷವಿಡೀ ಪಲ್ಯ ಮಾಡ್ತಿದ್ವಿ. ಅಗೋ ಆ ದಿಬ್ಬ, ಅದರ ಮೇಲಿಂದ ಜಾರಿ ನಿನ್ನಜ್ಜಿ ಲಂಗ ಹರ್ಕೊಂಡಿದ್ದು."

"ದಿಬ್ಬ ಗಾಳಿಗೆ ಜಾಗ ಬದಲಿಸುತ್ತೆ ಅಂತ ನೀವೇ ಹೇಳಿದ್ರಲ್ಲ ಅಜ್ಜಿ," ಅಂದಳು ಎಂಟು ವರ್ಷದ ಮೊಮ್ಮಗಳು.

"ಇದು ನಮ್ಮೂರ ದಿಬ್ಬ. ಹೇಳದೆ ಕೇಳದೆ ಎಲ್ಲೂ ಹೋಗಲ್ಲ."

ಸೊಸೆ ಸುಮಿತ್ರಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅತ್ತೆ ಇಷ್ಟು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ಸೂರತ್ತಿನ ಅವರ ಗಲ್ಲಿಯಲ್ಲಿ ಕಿಶನಾರಾಮ್‌ನ ಮೂವರು ಅಣ್ಣಂದಿರ ಮನೆಗಳಿವೆ. ಭಾವಂದಿರ ಎದುರು ಮುಸುಕು ಇಳಿಯಬೇಕು, ದನಿ ಏಳಬಾರದು. ನಲವತ್ತು ವರ್ಷ ಪಿಸುಗುಟ್ಟಿದ ಗಂಟಲು ಅದು.

ಊರು ಬಂತು. ಧಾಪೂ ಮುಖ ತೆರೆದುಕೊಂಡೇ ಇಳಿದಳು. ತವರೂರಲ್ಲಿ ಹೆಣ್ಣುಮಗಳು ಮುಸುಕು ಹಾಕುವ ಪದ್ಧತಿ ಇಲ್ಲ. ಊರ ಗಂಡಸರೆಲ್ಲ ಅಪ್ಪ ಅಣ್ಣಂದಿರೇ, ಯಾರಿಂದ ಮರೆ? ಅತ್ತೆಯ ತವರಾದ್ದರಿಂದ ಮುಸುಕು ಎಳೆದುಕೊಂಡವಳು ಸುಮಿತ್ರಾ.

ಅಪ್ಪನ ಮನೆಯಿದ್ದ ಜಾಗದಲ್ಲಿ ಮಣ್ಣಿನ ಗುಪ್ಪೆ, ಅದರ ಮೇಲೆ ಎರಡು ಆಡು. ಇಷ್ಟು ಅವಳು ಎಣಿಸಿಯೇ ಬಂದಿದ್ದಳು. ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದ ಹೆಂಗಸರತ್ತ ನಗುತ್ತಾ ಹೋದಳು.

"ಯಾರ ಮನೆಗೆ ಬಂದ್ರಿ ಅಕ್ಕಾ?" ಅಂದಳೊಬ್ಬಳು.

"ನಾನು ಹರಿರಾಮನ ಮಗಳು."

"ಯಾವ ಹರಿರಾಮ? ಹಿಟ್ಟಿನ ಗಿರಣಿಯವನಾ?"

"ಅಲ್ಲ, ಬಾವಿ ಹರಿರಾಮ. ಕಪಿಲೆ ಕಟ್ಟಿ ನೀರೆತ್ತುತ್ತಿದ್ದವರು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಈಚೆಗೆ ಮದುವೆಯಾಗಿ ಬಂದವರು. ಊರ ಹೆಣ್ಣುಮಕ್ಕಳು ಊರಲ್ಲಿ ಇರುತ್ತಾರೆಯೇ? ಧಾಪೂ ತಿರುಗಿ ಗಂಡನನ್ನು ನೋಡಿದಳು. ಅವನು ಕುಟುಕಿದ್ದರೆ ತಡೆದುಕೊಳ್ಳುತ್ತಿದ್ದಳು. ಪಾಪ, ಅವನು ತನ್ನ ಚಪ್ಪಲಿಯನ್ನು ನೋಡುತ್ತಾ ನಿಂತಿದ್ದ.

"ಬಾವಿ ನೋಡ್ಕೊಂಡು ಹೋಗ್ಬಿಡೋಣ," ಅಂದಳು.

ಬಾವಿ ಇತ್ತು. ಬಾಯಿಗೆ ಕಬ್ಬಿಣದ ಜಾಲರಿ ಬಿದ್ದಿತ್ತು, ರಾಟೆ ಇರಲಿಲ್ಲ. ನೀರು ಪಾತಾಳದಲ್ಲಿದ್ದ ಕಾಲದಲ್ಲಿ ತೊಗಲ ಚೀಲಕ್ಕೆ ಕಟ್ಟಿದ ಹಗ್ಗವನ್ನು ಒಂಟೆ ಎಳೆದುಕೊಂಡು ದೂರದ ಬನ್ನಿ ಮರದವರೆಗೂ ನಡೆಯುತ್ತಿತ್ತು. ಅಷ್ಟು ದೂರದಲ್ಲಿದ್ದ ಒಂಟೆಯವನಿಗೆ ಚೀಲ ಮೇಲೆ ಬಂದದ್ದು ಕಾಣದು. ಕಟ್ಟೆಯ ಮೇಲಿದ್ದವರು ಕೂಗಬೇಕು, ಕೂಗಿದ ಕ್ಷಣಕ್ಕೆ ಅವನು ಒಂಟೆಗೆ ಹಗ್ಗ ಸಿಕ್ಕಿಸಿದ ಕೀಲು ಕಿತ್ತು "ಬಿಟ್ಟೇ" ಅನ್ನಬೇಕು. ತಡವಾದರೆ ಚೀಲ ರಾಟೆಗೆ ಬಡಿದು, ಹಗ್ಗ ಹರಿದು, ಕಟ್ಟೆಯ ಮೇಲಿನವರೂ ಬಾವಿಯ ಪಾಲು. ಹರಿರಾಮನಿಗೆ ಉಬ್ಬಸ. ಗಂಡುಮಕ್ಕಳಿಲ್ಲ. ಹಾಗಾಗಿ ಅವನು ಚೀಲ ಹಿಡಿಯುತ್ತಿದ್ದ, ಕೂಗುತ್ತಿದ್ದವಳು ಧಾಪೂ. ಆ ತುದಿಯಲ್ಲಿ ಒಂಟೆ ಹೊಡೆಯುತ್ತಿದ್ದವನು ಚಿಕ್ಕಪ್ಪನಂಥ ಪೇಮಾರಾಮ್ ಕಾಕಾ.

ಅದೇ ಪೇಮಾರಾಮ್ ಕಾಕಾ ಈಗ ಬನ್ನಿ ಮರದ ಬುಡದಿಂದ ಕೋಲೂರಿ ಇವರತ್ತಲೇ ಬರುತ್ತಿದ್ದ. ಕಣ್ಣಿಗೆ ಪೊರೆ ಬಂದಿತ್ತು, ನಡಿಗೆ ಮಾತ್ರ ಅದೇ. ಧಾಪೂ ನಗುತ್ತಾ ಎರಡು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ಬಿಳಿ ರುಮಾಲಿನ ಹಿರಿಯರು ಎದುರು ಬಂದರೆ ಅವಳ ಕೈ ಅವಳ ಮಾತು ಕೇಳುವುದಿಲ್ಲ. ಸರ್ರನೆ ಮುಸುಕು ಎಳೆಯಿತು.

ಮುದುಕನಿಗೆ ಕಂಡದ್ದು ಇಳಿಬಿದ್ದ ಕೆಂಪು ಮುಸುಕು ಮಾತ್ರ. ಯಾರದೋ ಮನೆ ಸೊಸೆ ದಾರಿಯಲ್ಲಿದ್ದಾಳೆ ಅಂದುಕೊಂಡ. ಮರ್ಯಾದಸ್ಥ, ಒಮ್ಮೆ ಕೆಮ್ಮಿ, ಮುಖ ತಿರುಗಿಸಿ, ಬಂದ ದಾರಿಯಲ್ಲೇ ಹಿಂದಿರುಗಿದ.

"ಕಾಕಾ," ಅಂದಳು ಧಾಪೂ. ಪಕ್ಕದಲ್ಲಿದ್ದ ಹೇತಲ್‌ಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಗಂಟಲು ಪಿಸುಗುಟ್ಟುವುದನ್ನಷ್ಟೇ ಕಲಿತಿತ್ತು.

"ನಾನು ಓಡಿ ಹೋಗಿ ಹೇಳ್ಲಾ ಅಮ್ಮಾ?" ಅಂದ ಭಂವರ್.

"ಬೇಡ. ಹೇಳಿಸ್ಕೊಂಡು ಗುರುತು ಹಿಡಿಯೋದಾದ್ರೆ ಅದು ತವರಾ?"

ಹಾಗಂದವಳು ಮಂಡಿಗೆ ಕೈಕೊಟ್ಟು ಬಾವಿಕಟ್ಟೆ ಹತ್ತಿದಳು. ಮುಸುಕನ್ನು ಬೆನ್ನ ಹಿಂದಕ್ಕೆ ಎಸೆದಳು. ಎರಡೂ ಕೈ ಬಾಯ ಸುತ್ತ ಹಿಡಿದು, ಹೊಟ್ಟೆಯಾಳದಿಂದ ಉಸಿರೆಳೆದು ಕೂಗಿದಳು:

"ಬಂತೋ ನೀರೂ... ಕೀಲು ಬಿಡೂ..."

ಆಡುಗಳು ಗುಪ್ಪೆಯಿಂದ ಹಾರಿದವು. ನಲ್ಲಿಯ ಹೆಂಗಸರ ಕೊಡ ತುಂಬಿ ಹರಿಯಿತು. ತಾಯಿಯ ದನಿ ಎಂಥದೆಂದು ಭಂವರ್‌ಗೆ ಗೊತ್ತಾದದ್ದೇ ಅವತ್ತು.

ಪೇಮಾರಾಮ್ ನಿಂತ. ಕೋಲು ಕೈಯಿಂದ ಜಾರಿತು. ಅವನ ಬಲಗೈ ಸೊಂಟದ ಪಕ್ಕಕ್ಕೆ ಹೋಗಿ, ಅಲ್ಲಿಲ್ಲದ ಹಗ್ಗದಿಂದ ಇಲ್ಲದ ಕೀಲೊಂದನ್ನು ಕಿತ್ತಿತು.

"ಬಿಟ್ಟೇ..." ಅಂದ, ಅಷ್ಟೇ ದೊಡ್ಡದಾಗಿ. ಆಮೇಲೆ, "ಧಾಪೂ?"

ಧಾಪೂ ಇಳಿದು ಓಡಿದಳು. ಐವತ್ತೆಂಟರ ಹೆಂಗಸು ಮರಳಿನಲ್ಲಿ ಓಡುವುದನ್ನು ನೋಡಿ ಹೇತಲ್ ಚಪ್ಪಾಳೆ ತಟ್ಟಿದಳು. ಮುದುಕ ಅವಳ ತಲೆ ತಡವಿ ಕಿವಿ ಹಿಂಡಿದ.

"ಯಾರಿಗೇ ಮುಸುಕು ಹಾಕ್ದೆ, ಕತ್ತೆ? ಅಪ್ಪನಂಥವನಿಗಾ?"

"ತಪ್ಪಾಯ್ತು ಕಾಕಾ. ಈ ಕೈದೇ ತಪ್ಪು."

"ಒಬ್ಳೇ ಬಂದ್ಯಾ?"

"ಎಲ್ಲರೂ ಬಂದಿದೀವಿ. ಇವರೂ ಬಂದಿದಾರೆ."

ಮುದುಕ ನಲ್ಲಿಯತ್ತ ತಿರುಗಿ ಗದರಿದ. "ಏನು ಬಾಯಿ ಬಿಟ್ಕೊಂಡು ನಿಂತಿದೀರೇ? ಊರ ಮಗಳು ಬಂದಿದಾಳೆ, ನಿಮ್ಮ ನಾದಿನಿ. ಹೋಗಿ ಸಜ್ಜೆ ರೊಟ್ಟಿ ಬಡೀರಿ, ತುಪ್ಪ ಜಾಸ್ತಿ ಹಾಕಿ. ಅಳಿಯಂದಿರಿಗೆ ಮಂಚ ತನ್ನಿ."

ಊರಿಗೊಬ್ಬ ಅಳಿಯ ಸಿಕ್ಕಿದ ಮೇಲೆ ಹೆಂಗಸರು ಕೀಟಲೆ ಮಾಡದೆ ಬಿಡುತ್ತಾರೆಯೇ. ಅಳಿಯಂದಿರಿಗಿಂತ ಮೊದಲು ಅವರ ಹೊಟ್ಟೆ ಬಂತಲ್ಲ ಅಂದಳೊಬ್ಬಳು. ನಮ್ಮ ನಾದಿನಿಯನ್ನು ಇಷ್ಟು ವರ್ಷ ಯಾವ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ರಿ ಅಂದಳು ಇನ್ನೊಬ್ಬಳು. ಕಿಶನಾರಾಮ್ ತಲೆ ತಗ್ಗಿಸಿ ಎಲ್ಲ ಬೈಗುಳ ತಿಂದ. ಧಾಪೂ ರೊಟ್ಟಿ ತಂದು ಮುಂದಿಟ್ಟಾಗ ಮೆಲ್ಲಗೆ ಕೇಳಿದ:

"ನಲವತ್ತು ವರ್ಷ ಆ ಗಂಟಲು ಎಲ್ಲಿಟ್ಟಿದ್ಯೇ?"

"ಇಲ್ಲೇ ಬಿಟ್ಟು ಹೋಗಿದ್ದೆ," ಅಂದಳು ಧಾಪೂ.

ಆ ಮಾತನ್ನೂ ಅವಳು ಪಿಸುಗುಟ್ಟಲಿಲ್ಲ. ಬಾವಿಯಾಚೆ ಇದ್ದವರಿಗೆಲ್ಲ ಕೇಳಿಸಿತು.