ಗಂಗವ್ವ ಬಂದ್ ಮಾಡಿದ್ದ ಸ್ವಿಚ್

ಗಂಗವ್ವ, ಅಂದು ನೀನು ಸ್ವಿಚ್ ಬಂದ್ ಮಾಡುವುದನ್ನು ಮರೆತಿರಲಿಲ್ಲ. ನೀನು ಮರೆತಿದ್ದೆ ಎಂದು ಎಲ್ಲರಿಗೂ ಹೇಳಿದವನು ನಾನು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಐವತ್ತರ ದಶಕದ ಕೊನೆ. ನರಗುಂದದ ಹತ್ತಿ ಗಿರಣಿಗೆ ಹೊಸದಾಗಿ ಕರೆಂಟು ಬಂದಿತ್ತು. ತಂತಿ ಜೋಡಿಸುವ ಕೆಲಸ ನನ್ನದು. ನೀನು ದುಡಿಯುತ್ತಿದ್ದ ಯಂತ್ರಕ್ಕೆ ಎರಡು ಸ್ವಿಚ್ ಇಟ್ಟೆ. ಬಾಗಿಲ ಬಳಿ ನನ್ನದೊಂದು, ಯಂತ್ರದ ಪಕ್ಕದಲ್ಲಿ ನಿನ್ನದೊಂದು. ಎರಡನ್ನೂ ಹಾಕಿದರೆ ಮಾತ್ರ ಯಂತ್ರ ತಿರುಗಬೇಕು. ಹಲ್ಲುಗಳಲ್ಲಿ ಸಿಕ್ಕಿದ ಹತ್ತಿಯನ್ನು ನೀನು ಕೈ ಹಾಕಿಯೇ ತೆಗೆಯಬೇಕಿತ್ತಲ್ಲ — ಅದಕ್ಕೆ.

ಪರೀಕ್ಷೆ ಮಾಡಿದೆ. ಎರಡನ್ನೂ ಹಾಕಿದಾಗ ತಿರುಗಿತು. ಆಮೇಲೆ ನನ್ನದನ್ನು ಬಂದ್ ಮಾಡಿ, ನಿನ್ನದನ್ನು ಹಾಕಿಸಿ, ತೆಗೆಸಿ ನೋಡಿದೆ. ಯಂತ್ರ ಅಲುಗಲಿಲ್ಲ. ಎರಡೂ ಸರಿಯಿವೆ ಎಂದುಬಿಟ್ಟೆ. ಆದರೆ ನನ್ನದು ಬಂದ್ ಇದ್ದರೆ ಕರೆಂಟು ನಿನ್ನ ಸ್ವಿಚ್ಚಿನ ತನಕ ಹೋಗುವುದೇ ಇಲ್ಲ. ಅದರ ಒಳ್ಳೆಯದು ಕೆಟ್ಟದ್ದು ತಿಳಿಯುವುದು ಹೇಗೆ? ನನ್ನದನ್ನು ಹಾಕಿಟ್ಟು ನಿನ್ನದೊಂದನ್ನೇ ಬಂದ್ ಮಾಡಿ ನೋಡಬೇಕಿತ್ತು. ನೋಡಲಿಲ್ಲ. ಗಿರಣಿಯ ಸಾವುಕಾರರ ಅವಸರ... ಬೇಡ, ಅದನ್ನು ಇಲ್ಲಿ ತರಬಾರದು.

“ಗಂಗವ್ವ, ನಿಂದು ಬಂದ್ ಮಾಡಿದಿ ಅಂದ್ರ ಸಾಕು. ಆಮ್ಯಾಲ ನಾ ಅಲ್ಲಿ ಹಾಕಿದ್ರೂ ತಿರಗೂದಿಲ್ಲ,” ಎಂದೆ.

ನೀನು ನಂಬಿದೆ. ಮೊದಲ ದಿನವೇ ಮಧ್ಯಾಹ್ನ, ಊಟದ ಬಿಡುವಿನಲ್ಲಿ ನೀನು ನಿನ್ನ ಸ್ವಿಚ್ ಬಂದ್ ಮಾಡಿ ಕೈ ಒಳಗಿಟ್ಟಿದ್ದೆ. ಬಿಡುವು ಮುಗಿಯಿತೆಂದು ಬಾಗಿಲ ಬಳಿ ನಾನು ನನ್ನದನ್ನು ಹಾಕಿದೆ.

ಕೂಗು ಕೇಳಿ, ನನ್ನದನ್ನು ಬಂದ್ ಮಾಡಿ ಓಡಿಬಂದೆ. ಎಲ್ಲರೂ ನಿನ್ನನ್ನು ಎತ್ತುತ್ತಿದ್ದರು. ನಾನು ನೋಡಿದ್ದು ನಿನ್ನ ಮುಖವನ್ನಲ್ಲ, ಸ್ವಿಚ್ಚನ್ನು. ಬಂದ್ ಆಗಿಯೇ ಇತ್ತು. ಒಳಗಿನ ತಗಡು ಅಂಟಿಕೊಂಡು ಕರೆಂಟು ಹರಿದಿತ್ತು. ನಾನು ಕೈ ಚಾಚಿ — ಅದನ್ನು ಹಾಕಿಬಿಟ್ಟೆ. ಯಾರೂ ನೋಡಲಿಲ್ಲ.

ದವಾಖಾನೆಯಲ್ಲಿ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ನೋಡಲು ಬಂದರೆ, ನೀನೇ ನನಗೆ ಸಮಾಧಾನ ಹೇಳಿದೆ. “ತಪ್ಪು ನಂದ ಐತ್ರಿ, ಅಣ್ಣಾರ. ನೀವು ಹೇಳಿದ್ರಿ, ನಾ ಮರತೆ.” ಬಂದ್ ಮಾಡಿದ ನೆನಪನ್ನೇ ನಿನ್ನೊಳಗಿಂದ ಅಳಿಸಿಬಿಟ್ಟಿದ್ದೆ ನಾನು. ಆಗಲಾದರೂ ಹೇಳಬಹುದಿತ್ತು. ಹೌದೆಂದು ತಲೆಯಾಡಿಸಿದೆ.

ನೀನು ತೀರಿಕೊಂಡ ಮೇಲೆ ಸೂಡಿ ಊರಿಗೆ ಹೋಗಿ ನಿನ್ನ ಮಗಳು ನೀಲವ್ವನಿಗೆ ಎಲ್ಲ ಹೇಳಿದೆ. ಆಕೆ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ನನ್ನಂಗ ಮರವಿನಾಕಿ ಆಗಬ್ಯಾಡ ಅಂತ ಸಾಯೂತನಕ ಹೇಳತಿದ್ಲು ಅವ್ವ,” ಎಂದಳು. ಹಿಟ್ಟನ್ನು ಮಗುಚಿ ಹಾಕಿ, “ಈಗ್ಯಾಕ ಬಂದ್ರಿ?”

ಕೂಡ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ನಿಂತಷ್ಟು ಹೊತ್ತು ನಿಂತು, ಹೊರಗೆ ಬಂದೆ.