ಪಾವಗಡದ ಮುಗಿಯದ ಕರೆಗಳು

ನಮ್ಮ ಜ್ಯೋತಿಲಕ್ಷ್ಮಿಗೆ ಹಟ ಜಾಸ್ತಿ. ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಮಧುಗಿರಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಯಾರು ಯಾವಾಗ ಸಂಪರ್ಕ ಪಡೆದರು, ಯಾವಾಗ ಬಿಟ್ಟರು ಎಂದು ಊರೂರಿನ ಸರ್ವರ್‌ಗಳು ಕಳಿಸುವ ದಾಖಲೆ ನೋಡುವುದು ಅವಳ ಕೆಲಸ. ನಾನಾಗಿದ್ದರೆ ನಿದ್ದೆ ಹೋಗುತ್ತಿದ್ದೆ.

ಒಮ್ಮೆ ಆ ದಾಖಲೆ ವಿಚಿತ್ರವಾಗಿ ಕಂಡಿತು. ಪಾವಗಡದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ರಹೀಮುನ್ನೀಸಾ ಅವರ ಹೆಸರಿನಲ್ಲಿ ಒಂದೇ ಹೊತ್ತಿಗೆ ಎರಡು ಸಂಪರ್ಕ. ಮೊದಲನೆಯದು ಮುಗಿದೇ ಇಲ್ಲ, ಆಗಲೇ ಎರಡನೆಯದು ಶುರು. ಮಾಲೀಕ ರೇಣುಕಪ್ರಸಾದ್ ಹಿಂದುಮುಂದು ನೋಡದೆ ಫೋನ್ ಮಾಡಿ, ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟು ಮೋಸ ಮಾಡುತ್ತಿದ್ದೀರಿ, ನಾಳೆ ಸಂಜೆಗೆ ಸಂಪರ್ಕ ಕಿತ್ತುಹಾಕುತ್ತೇನೆ ಎಂದು ಕೂಗಾಡಿದರು. ಅಲ್ಲಿ ಫೋನಿನ ಸ್ಪೀಕರ್ ಹಾಕಿಯೇ ಇತ್ತಂತೆ. ಕಲಿಯಲು ಬಂದ ಹುಡುಗಿಯರೆಲ್ಲ ಕೇಳಿಸಿಕೊಂಡರು. ಇನ್ನು ಯಾವ ತಂದೆತಾಯಿ ಮಕ್ಕಳನ್ನು ಅಲ್ಲಿಗೆ ಕಳಿಸಿಯಾರು?

ಜ್ಯೋತಿಲಕ್ಷ್ಮಿ ಎಲ್ಲರ ದಾಖಲೆಯನ್ನೂ ಹರಡಿಕೊಂಡು ಕೂತಳು. ಪಾವಗಡದ ಸರ್ವರ್‌ನಲ್ಲಿ ಮಧ್ಯಾಹ್ನ ಇದ್ದ ಯಾರ ಸಂಪರ್ಕವೂ ಮುಗಿದ ಗುರುತಿರಲಿಲ್ಲ. ಸಂಪರ್ಕ ಕಡಿದಾಗ ಉಳಿದವರು ಊಟಕ್ಕೆ ಎದ್ದು ಹೋಗುತ್ತಿದ್ದರು. ರಹೀಮುನ್ನೀಸಾ ಮಾತ್ರ ಪಾಠ ನಿಲ್ಲಬಾರದೆಂದು ಮತ್ತೆ ಡಯಲ್ ಮಾಡುತ್ತಿದ್ದರು. ತಪ್ಪು ಅವರದಲ್ಲ, ಕಾಯಿಲೆ ಸರ್ವರ್‌ನದು ಎಂದಳು. ಮಾಲೀಕರು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಪಾವಗಡದ ಬಸ್ಸು ಹತ್ತಿದಳು.

ಸರ್ವರ್ ಇಟ್ಟಿದ್ದ ಶೀಟಿನ ಕೋಣೆ ಬಾಣಲೆಯ ಹಾಗೆ ಕಾದಿತ್ತು. ಬಿಸಿಲು ನೆತ್ತಿಗೆ ಬಂದಾಗ ಅದನ್ನು ನೋಡಿಕೊಳ್ಳುವ ಚಿಕ್ಕನರಸಯ್ಯ ಬಂದರು. ಹಿಂದೆ ಊರಿಗೆ ನೀರಿನ ಮೋಟರು ಹಾಕುತ್ತಿದ್ದವರು. ಸರ್ವರ್ ಮೇಲೆ ಕೈಯಿಟ್ಟು ನೋಡಿ, ಮೈನ್ ಸ್ವಿಚ್ಚನ್ನೇ ಎಳೆದುಬಿಟ್ಟರು.

"ಕಾದೋಗೈತೆ ಕಣಮ್ಮ," ಎಂದರು. "ಮೋಟ್ರಿಗೇ ಒಸಿ ಹೊತ್ತು ರೆಸ್ಟ್ ಕೊಡ್ತೀವಿ, ಇದಕ್ಕೆ ಬ್ಯಾಡ್ವಾ?"

ಹೀಗೆ ದಿನಾ ಮಧ್ಯಾಹ್ನ ದಿಢೀರನೆ ಕರೆಂಟು ತೆಗೆದರೆ, ಸಂಪರ್ಕ ಮುಗಿಯಿತು ಎಂದು ಮಧುಗಿರಿಗೆ ಹೇಳಿ ಕಳಿಸಲು ಸರ್ವರ್‌ಗೆ ಪುರುಸೊತ್ತೆಲ್ಲಿ? ಜ್ಯೋತಿಲಕ್ಷ್ಮಿ ಬಿದ್ದು ಬಿದ್ದು ನಕ್ಕಳು. ಬೈಯಲಿಲ್ಲ, ಅವರ ಅಕ್ಕರೆ ಸುಳ್ಳಲ್ಲವಲ್ಲ. ಫ್ಯಾನ್ ಹಾಕಿಸುತ್ತೇನೆ, ಇನ್ನು ಸ್ವಿಚ್ಚು ಮುಟ್ಟಬೇಡಿ ಎಂದು ಹೇಳಿ ಮತ್ತೆ ಕರೆಂಟು ಕೊಡಿಸಿದಳು.

ಅಲ್ಲಿಂದ ನೇರ ರಹೀಮುನ್ನೀಸಾ ಅವರ ತರಗತಿಗೆ ಹೋಗಿ, ಅವರ ಫೋನಿನಿಂದಲೇ ಮಾಲೀಕರಿಗೆ ವಿಷಯ ತಿಳಿಸಿದಳು. ಆಯ್ತು, ಸಂಪರ್ಕ ಕೀಳುವುದಿಲ್ಲ ಬಿಡು ಎಂದರು ಅವರು. ಇವಳು ಬಿಡುವವಳೇ? ಸ್ಪೀಕರ್ ಒತ್ತಿದಳು.

"ಬೈದಿದ್ದು ಈ ಹುಡ್ಗೀರ ಮುಂದೆ ಸಾರ್. ತಪ್ಪಾಯ್ತು ಅನ್ನೋದನ್ನೂ ಇವರ ಮುಂದೇನೇ ಅನ್ನಿ."

ಗೊರಗೊರ ಸದ್ದಿನ ನಡುವೆ ರೇಣುಕಪ್ರಸಾದ್ ದನಿ ಬಂತು: "ತಪ್ಪಾಯ್ತು ಮೇಡಂ. ನೀವು ಮೋಸ ಮಾಡಿಲ್ಲ."

ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನೂ ಹೆಮ್ಮೆಯಿಂದ ತಟ್ಟಿದೆ. ರಹೀಮುನ್ನೀಸಾ ಕಣ್ಣೊರೆಸಿಕೊಂಡು ಫೋನಿಟ್ಟರು, ಕಂಪ್ಯೂಟರ್ ಕಡೆ ತಿರುಗಿ ಮತ್ತೆ ಡಯಲ್ ಮಾಡಿದರು.