ಸುಭದ್ರಮ್ಮನ ಬಟ್ಟಲಲ್ಲಿ ಒಂದು ಹುಣಸೆಬೀಜ

ಬೆಳಗಿನ ಐದೂವರೆ. ಅಹಮದಾಬಾದಿನ ವಸ್ತ್ರಾಪುರದ ಉಡುಪಿ ಹೋಟೆಲೊಂದರ ಹಿಂಬದಿಯ ಅಡುಗೆಮನೆಯಲ್ಲಿ ಅರವತ್ತೆಂಟರ ಸುಭದ್ರಮ್ಮ ಸಾಂಬಾರು ತಿರುವುತ್ತಿದ್ದಾರೆ. ಹಾಲಿನವನು ಬಾಗಿಲು ಬಡಿಯುತ್ತಾನೆ. ಕ್ಯಾನು ತೆಗೆದುಕೊಂಡು ಒಳಗಿಟ್ಟು ಒಲೆಯ ಬಳಿ ಮರಳಿದಾಗ ಸುಭದ್ರಮ್ಮನ ಕೈ ಉಪ್ಪಿನ ಡಬ್ಬಿಯ ಮೇಲೆ ನಿಂತುಬಿಡುತ್ತದೆ. ಹಾಕಿದೆನೋ, ಇಲ್ಲವೋ?

ರುಚಿ ನೋಡುವಂತಿಲ್ಲ. ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ನಾಲಿಗೆಗೆ ಸೋಕಿಸುವ ಪದ್ಧತಿ ಇಲ್ಲಿಲ್ಲ. ದಿನಕ್ಕೆ ನಲವತ್ತು ಲೀಟರ್ ಸಾಂಬಾರು, ಮೂವತ್ತೊಂದು ವರ್ಷ, ಎಲ್ಲ ಕೈಯಳತೆ. ಗಲ್ಲಾದಲ್ಲಿ ಕೂರುವ ಮಗ ಕೃಷ್ಣರಾಜನನ್ನು ಬಡಾವಣೆಯೆಲ್ಲ ಬಲ್ಲದು. ಸುಭದ್ರಮ್ಮನ ಮುಖ ಕಂಡ ಗಿರಾಕಿಯಿಲ್ಲ.

ಕಳೆದ ಚಳಿಗಾಲದಲ್ಲಿ ಸಾಂಬಾರಿಗೆ ಮತ್ತೆ ಮತ್ತೆ ಎರಡೆರಡು ಸಲ ಉಪ್ಪು ಬಿತ್ತು. "ಭಾಯಿ, ಇವತ್ತು ಸಮುದ್ರವನ್ನೇ ಬಡಿಸಿದಿರಾ?" ಎಂದು ಗಿರಾಕಿಗಳು ನಕ್ಕರು. ಸುಭದ್ರಮ್ಮನಿಗೆ ನಗು ಬರಲಿಲ್ಲ. ಅವರ ದೊಡ್ಡಮ್ಮ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಗುರುತಿಸದೆ ಹೋದವರು. "ನಂದೂ ಅದೇ ದಾರಿ ಅಂತ ಮಾಡಿದ್ದೆ. ಸೌಟು ಬಿಟ್ಟರೆ ನಾನು ಯಾರು, ಹೇಳಿ?"

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ನೂರ ಎಪ್ಪತ್ತೆಂಟು. ಸ್ಕ್ಯಾನಿನಲ್ಲಿ, ಮಿದುಳಿನ ಭಾಗಗಳನ್ನು ಬೆಸೆಯುವ ಬಿಳಿ ಎಳೆಗಳ ನಡುವೆ ಅಲ್ಲಲ್ಲಿ ಚುಕ್ಕೆ. ವರ್ಷಗಟ್ಟಲೆ ಯಾರೂ ಅಳೆಯದೆ ಬಿಟ್ಟ ರಕ್ತದೊತ್ತಡದ ಕೆಲಸ. ದೊಡ್ಡಮ್ಮನ ಕಾಯಿಲೆಯ ಲಕ್ಷಣ ಕಾಣಲಿಲ್ಲ.

"ಬಿದ್ದ ಚುಕ್ಕೆ ಹೋಗುವುದಿಲ್ಲವಂತೆ. ಪ್ರೆಶರ್ ಹಿಡಿತದಲ್ಲಿದ್ದರೆ ಹೊಸದು ಬೀಳುವುದು ಕಡಿಮೆಯಂತೆ. ತಲೆ ನಿಧಾನ ಆಗಿದೆ, ಖಾಲಿ ಆಗಲಿಲ್ಲ. ಅಷ್ಟು ಸಾಕಲ್ಲ ಮಾರಾಯ್ರೆ! ಅವತ್ತು ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದೆ."

ಈಗ ಒತ್ತಡ ನೂರ ಮೂವತ್ತರ ಆಸುಪಾಸು. ಮಾತ್ರೆ ತಪ್ಪಿಸುವುದಿಲ್ಲ. ಅವರ ಎಲೆಗೆ ಉಪ್ಪಿನಕಾಯಿ, ಹಪ್ಪಳ ಬಂದ್; ಸಂಜೆ ಕೆರೆಗೆ ಎರಡು ಸುತ್ತು. ಸಾಂಬಾರಿಗೆ ಉಪ್ಪು ಬಿದ್ದ ಕೂಡಲೇ ಕಟ್ಟೆಯ ಮೇಲಿನ ಬಟ್ಟಲಿಗೆ ಒಂದು ಹುಣಸೆಬೀಜ. ಬೀಜವಿದ್ದರೆ ಉಪ್ಪಿದೆ; ರಾತ್ರಿ ಬಟ್ಟಲು ಮತ್ತೆ ಖಾಲಿ.

ಮನೆಯವರಿಗೆ ಮಾತ್ರ ಇನ್ನೂ ಅಳುಕು. ಮಗ ಏನೋ ನೆಪ ಹೇಳಿ ಬಂದು ಬಟ್ಟಲಲ್ಲಿ ಇಣುಕುತ್ತಾನೆ. ಸೊಸೆ ಪ್ರಾರ್ಥನಾ ಕಡೆಗಣ್ಣಲ್ಲೇ ನೋಡಿ ಸರಿಯುತ್ತಾಳೆ. ಅಮ್ಮ ನೊಂದುಕೊಂಡಾರು ಎಂದು ಬಾಯಿಬಿಟ್ಟು ಯಾರೂ ಕೇಳರು.

"ಮೊದಲು ನಮ್ಮಲ್ಲಿ ಜಗಳ ಮಾಡಿಕೊಂಡೇ ಅಡುಗೆ ಆಗುತ್ತಿದ್ದದ್ದು. ಈಗ ನಾನು ಗಾಜಿನ ಲೋಟ! ಒಬ್ಬರಾದರೂ ಮೊದಲಿನ ಹಾಗೆ ಗದರಿಸಿ ಕೇಳಲಿ ಅಂತ ಆಸೆ."

ಡಬ್ಬಿಯ ಮೇಲೆ ನಿಂತ ಕೈ ಈಗ ಬಟ್ಟಲನ್ನು ಎಳೆದುಕೊಳ್ಳುತ್ತದೆ. ತಳದಲ್ಲಿ ಒಂದು ಬೀಜ. ಸುಭದ್ರಮ್ಮ ಉಸಿರು ಬಿಟ್ಟು ಡಬ್ಬಿಯ ಮುಚ್ಚಳ ಒತ್ತುತ್ತಾರೆ.

ಬಾಗಿಲಲ್ಲಿ ಒಂಬತ್ತರ ಮೊಮ್ಮಗಳು ಆಶ್ರಿತಾ, ಅರ್ಧ ಹೆಣೆದ ಜಡೆ. ಎಷ್ಟೋ ದಿನಗಳಿಂದ ಅಪ್ಪ ಅಮ್ಮ ಇಣುಕುವುದನ್ನು ನೋಡಿದವಳು, ಇವತ್ತು ಸೊಂಟದ ಮೇಲೆ ಕೈಯಿಟ್ಟು ಗದರುತ್ತಾಳೆ:

"ಅಜ್ಜೀ, ಸಚ್ ಬೋಲೋ. ಉಪ್ಪು ಹಾಕಿದ್ಯಾ?"